ಹೋರಿಗರುವಿನ ಖರ್ಚು ಯಾರ ಲೆಕ್ಕಕ್ಕೆ?

ಮಳೆಗಾಲ ಬಂತೆಂದರೆ ಭಟ್ಕಳದಿಂದ ಕಾರವಾರದವರೆಗೆ ಹೆದ್ದಾರಿ 66ರ ಮೇಲೆ ಮಲಗಿದ ದನಗಳ ಫೋಟೋ ಫೇಸ್‌ಬುಕ್ಕಿಗೆ ಬರಲು ಶುರು. ಕೆಳಗೆ ಕಮೆಂಟುಗಳು: ಯಾರದಪ್ಪಾ ಈ ದನ, ಬಿಟ್ಟವರಿಗೆ ಮನುಷ್ಯತ್ವ ಇಲ್ಲವಾ, ಪಂಚಾಯಿತಿ ಎಂತ ಮಾಡ್ತಾ ಇದ್ದು. ಆ ಫೋಟೋಗಳನ್ನು ಸ್ವಲ್ಪ ದೊಡ್ಡದು ಮಾಡಿ ನೋಡಿ. ಹೆಚ್ಚಿನವು ಭುಜದಲ್ಲಿ ಹಿಣಲು (ಡುಬ್ಬ) ಇಲ್ಲದ, ಕಂದು ಅಥವಾ ಕಪ್ಪು-ಬಿಳಿ ಬಣ್ಣದ, ಒಂದೆರಡು ವರ್ಷದ ಗಂಡುಗಳು. ಜರ್ಸಿ ಇಲ್ಲವೇ ಎಚ್ಚೆಫ್ (ಹಾಲ್‌ಸ್ಟೀನ್ ಫ್ರೀಸಿಯನ್) ಮಿಶ್ರತಳಿಯ ಹೋರಿಗರುಗಳು. ಕಿವಿಯಲ್ಲಿ ಗುರುತಿನ ನಂಬರಿನ ಹಳದಿ ಓಲೆ ಇರುವುದಿಲ್ಲ, ಇದ್ದಿದ್ದರೆ ಅದು ಇದ್ದ ಜಾಗದಲ್ಲಿ ಹರಿದ ಗುರುತು ಇರುತ್ತದೆ.

ಇವನ್ನು ಬಿಟ್ಟವರು ಯಾರು ಎನ್ನುವುದಕ್ಕಿಂತ ಹುಟ್ಟಿಸಿದವರು ಯಾರು ಎನ್ನುವುದು ಮೊದಲ ಪ್ರಶ್ನೆ ಆಗಬೇಕು ಎಂಬುದು ನನ್ನ ವಾದ. ಇವು ತಾವಾಗಿ ಹುಟ್ಟಿದ್ದಲ್ಲ. ಹುಟ್ಟುವ ಒಂಬತ್ತೂಕಾಲು ತಿಂಗಳ ಮೊದಲು ಯಾರೋ ಫೋನ್ ಮಾಡಿ ಕರೆಸಿ, ದುಡ್ಡು ಕೊಟ್ಟು, ಇಂಜೆಕ್ಷನ್ (ಕೃತಕ ಗರ್ಭಧಾರಣೆ) ಮಾಡಿಸಿ ಹುಟ್ಟಿಸಿದ್ದು.

ಲೆಕ್ಕ ಸರಳ. ಆಕಳು ಹಾಲು ಕೊಡಬೇಕೆಂದರೆ ಕರು ಹಾಕಬೇಕು. 13–14 ತಿಂಗಳಿಗೊಂದು ಕರು ಎಂದು ಹಿಡಿದರೆ, ಎರಡು ಆಕಳು ಕಟ್ಟಿದ ಮನೆಯಲ್ಲಿ ಹತ್ತು ವರ್ಷಕ್ಕೆ ಹದಿನೇಳು ಕರು. ಅದರಲ್ಲಿ ಎಂಟೋ ಒಂಬತ್ತೋ ಗಂಡು. (ಹೋರಿಗರುವನ್ನೇ ಹಾಕುತ್ತದೆ ಎಂದು ಆಕಳನ್ನು ಬಯ್ದು ಮಾರುವವರು ಇನ್ನೂ ಇದ್ದಾರೆ. ಗಂಡೋ ಹೆಣ್ಣೋ ಎನ್ನುವುದು ವೀರ್ಯದಲ್ಲೇ ತೀರ್ಮಾನ ಆಗುತ್ತದೆ, ಆಕಳಿನ ತಪ್ಪು ಏನೂ ಇಲ್ಲ.) ಹಳೆಯ ಆಕಳಿನ ಜಾಗ ತುಂಬಲು ಅದೇ ಮನೆಗೆ ಹತ್ತು ವರ್ಷಕ್ಕೆ ಬೇಕಾದದ್ದು ಮೂರೋ ನಾಲ್ಕೋ ಹೆಣ್ಗರು. ಉಳಿದ ಹೆಣ್ಗರುವಿಗೆ ಗಿರಾಕಿ ಇದ್ದಾರೆ. ಗಂಡಿಗೆ?

ಒಂದು ಕಾಲಕ್ಕೆ ಹೋರಿ ಬೆಳೆದು ಎತ್ತಾಗುತ್ತಿತ್ತು. ಈಗ ಗದ್ದೆಗೆ ಟಿಲ್ಲರ್ ಇಳಿಯುತ್ತದೆ, ಗದ್ದೆ ಇದ್ದಲ್ಲಿ. ಹೂಡುವವರು ಇದ್ದರೂ ಜರ್ಸಿ ಹೋರಿ ಬೇಡ ಅನ್ನುತ್ತಾರೆ. ಹಿಣಲಿಲ್ಲದ ಕುತ್ತಿಗೆಯ ಮೇಲೆ ನೊಗ ಸರಿಯಾಗಿ ಕೂರುವುದಿಲ್ಲ, ಬಿಸಿಲೇರಿದರೆ ಬಾಯಿ ತೆರೆದು ತೇಕುತ್ತದೆ. ಮಲೆನಾಡು ಗಿಡ್ಡದ ಹೋರಿಯಾದರೆ ಗುಡ್ಡ ಬೆಟ್ಟ ತಿರುಗಿ ತನ್ನ ಹೊಟ್ಟೆ ತಾನು ತುಂಬಿಸಿಕೊಳ್ಳುತ್ತದೆ. ಮಿಶ್ರತಳಿಯದು ಕಟ್ಟಿ ಹಾಕಿದಲ್ಲೇ ತಿನ್ನಬೇಕು. 350 ಕೆಜಿ ತೂಗುವ ಹೋರಿಗೆ ದಿನಕ್ಕೆ ಒಣಮೇವಿನ ಲೆಕ್ಕದಲ್ಲಿ ಎಂಟೊಂಬತ್ತು ಕೆಜಿ ಬೇಕು, ಅದೂ ಹೊರಜಿಲ್ಲೆಯಿಂದ ಲಾರಿಯಲ್ಲಿ ಹುಲ್ಲು ತರಿಸುವ ನಮ್ಮಂಥ ಊರಲ್ಲಿ.

ಬೀದಿಗೆ ಬಂದವು ಕಣ್ಣಿಗಾದರೂ ಬೀಳುತ್ತವೆ. ಕೊಟ್ಟಿಗೆಯಲ್ಲೇ ಮುಗಿದು ಹೋಗುವವುಗಳ ಬಗ್ಗೆ ಯಾರೂ ಪೋಸ್ಟ್ ಹಾಕುವುದಿಲ್ಲ. ಕರು ಹುಟ್ಟಿದ ಮೊದಲ ಎರಡು ಗಂಟೆಯೊಳಗೆ ಗಿಣ್ಣುಹಾಲು ಹೊಟ್ಟೆಗೆ ಹೋಗಬೇಕು, ಮೊದಲ ದಿನ ಒಟ್ಟು ತೂಕದ ಹತ್ತನೇ ಒಂದು ಪಾಲು. 25 ಕೆಜಿಯ ಕರುವಿಗೆ ಎರಡೂವರೆ ಲೀಟರ್, ಮೂರ್ನಾಲ್ಕು ಸಲಕ್ಕೆ ಹಂಚಿ. ರೋಗ ತಡೆಯುವ ಅಂಶ ಕರುಳಿನಿಂದ ರಕ್ತಕ್ಕೆ ಇಳಿಯುವ ಬಾಗಿಲು 24 ಗಂಟೆಗೆ ಮುಚ್ಚಿಬಿಡುತ್ತದೆ. ಆಮೇಲೆ ಎಷ್ಟು ಕುಡಿಸಿದರೂ ಅದು ಬರಿ ಹಾಲು. ಹೆಣ್ಗರುವಾದರೆ ಇದೆಲ್ಲ ನಡೆಯುತ್ತದೆ. ಹೋರಿಗರುವಾದರೆ ಆ ಹಾಲು ಗಿಣ್ಣ ಆಗಿ ನೆಂಟರಿಷ್ಟರ ಮನೆಗೆ ಹೋಗುತ್ತದೆ. ಹೊಕ್ಕುಳಿಗೆ ಟಿಂಚರ್ ಅಯೋಡಿನ್ ಹಚ್ಚುವುದಿಲ್ಲ, ಹದಿನೈದನೇ ದಿನಕ್ಕೆ ಜಂತುಹುಳದ ಔಷಧ ಇಲ್ಲ, ಕೆಚ್ಚಲಲ್ಲಿ ಸೊರೆ ಬಿಡುವಷ್ಟು ಹೊತ್ತು ಬಿಟ್ಟು ಎಳೆದು ಕಟ್ಟುವುದು. ಎರಡನೇ ವಾರ ಬಿಳಿ ಭೇದಿ. ಒಂದು ಲೀಟರ್ ಉಗುರುಬೆಚ್ಚಗಿನ ನೀರಿಗೆ ಒಂದು ಟೀ ಚಮಚ ಉಪ್ಪು, ಅರ್ಧ ಟೀ ಚಮಚ ಅಡುಗೆ ಸೋಡ, ನಾಲ್ಕೈದು ಟೀ ಚಮಚ ಗ್ಲೂಕೋಸ್ ಹಾಕಿ ದಿನಕ್ಕೆ ಮೂರ್ನಾಲ್ಕು ಸಲ ಕುಡಿಸುತ್ತ, ಡಾಕ್ಟರನ್ನು ಕರೆದರೆ ಎಷ್ಟೋ ಕರು ಉಳಿಯುತ್ತವೆ. ಯಾರೂ ಕುಡಿಸುವುದಿಲ್ಲ. 'ಕರು ಉಳಿದಿದ್ದಿಲ್ಲೆ' ಎಂಬ ಮಾತಿನಲ್ಲಿ ಅದರ ಕತೆ ಮುಗಿಯುತ್ತದೆ. ಕತ್ತಿ ಹಿಡಿಯದೇ ಮಾಡಿದ್ದು ಕೊಲೆ ಅಲ್ಲ ಎಂಬ ನಂಬಿಕೆ ನಮ್ಮಲ್ಲಿ ಗಟ್ಟಿ ಇದೆ.

ಹಾಗೆಂದು ಹೈನುಗಾರರನ್ನು ಕಟುಕರೆಂದು ಕರೆದು ಪೋಸ್ಟ್ ಮುಗಿಸುವುದು ಸುಲಭ, ಅನ್ಯಾಯವೂ ಹೌದು. ದಿನಕ್ಕೆ ಎರಡೂವರೆ ಲೀಟರಿನಂತೆ ಮೂರು ತಿಂಗಳು ಹಾಲು ಕುಡಿಸಿದರೆ 225 ಲೀಟರ್. ಲೀಟರಿಗೆ 35 ರೂಪಾಯಿ ಹಿಡಿದರೂ ಎಂಟು ಸಾವಿರದ ಹತ್ತಿರ. ಡೇರಿಗೆ ದಿನಕ್ಕೆ ಆರೆಂಟು ಲೀಟರ್ ಹಾಕುವ ಮನೆಗೆ ಅದು ಸಣ್ಣ ಮೊತ್ತ ಅಲ್ಲ, ಮತ್ತು ಹೋರಿಗರುವಿನಿಂದ ಅದು ಎಂದೂ ವಾಪಸ್ ಬರುವುದಿಲ್ಲ.

ಕಾನೂನಿನ ಕಡೆ ನೋಡಿದರೆ, ರಾಜ್ಯದ 1964ರ ಗೋಹತ್ಯೆ ತಡೆ ಕಾಯ್ದೆಯಲ್ಲಿ 12 ವರ್ಷ ದಾಟಿದ ಅಥವಾ ಕೆಲಸಕ್ಕೆ ಬಾರದ ಹೋರಿ-ಎತ್ತುಗಳಿಗೆ ಪ್ರಮಾಣಪತ್ರದ ಮೇಲೆ ವಿನಾಯಿತಿ ಇತ್ತು. 2021ರ ಜನವರಿಯಲ್ಲಿ ಜಾರಿಗೆ ಬಂದ ಹೊಸ ಕಾಯ್ದೆಯಲ್ಲಿ 13 ವರ್ಷ ಮೀರಿದ ಎಮ್ಮೆ-ಕೋಣ ಬಿಟ್ಟು ಯಾವ ಜಾನುವಾರನ್ನೂ ಕಡಿಯುವಂತಿಲ್ಲ. ಶಿಕ್ಷೆ ಮೂರರಿಂದ ಏಳು ವರ್ಷ. ಅದು ಸರಿಯೋ ತಪ್ಪೋ ಎಂಬ ಜಗಳ ಇಲ್ಲಿ ಬೇಡ, ಅದಕ್ಕೆ ಬೇರೆ ಪೋಸ್ಟುಗಳಿವೆ. ನಾನು ಕೇಳುವುದು ಇಷ್ಟೇ: ಸಾಯಿಸಬೇಡಿ ಎಂದ ಕಾನೂನು ಹೊಟ್ಟೆಗೆ ಹಾಕುವವರು ಯಾರು ಎಂದು ಹೇಳಲಿಲ್ಲ. ದನವನ್ನು ಹಸಿವಿಗೆ ಬಿಟ್ಟು ಹೋಗುವುದು 1960ರ ಪ್ರಾಣಿಹಿಂಸೆ ತಡೆ ಕಾಯ್ದೆಯ ಪ್ರಕಾರ ಅಪರಾಧವೇ. ಮೊದಲ ಸಲಕ್ಕೆ ದಂಡ ಎಷ್ಟು ಗೊತ್ತೇ? ಹತ್ತರಿಂದ ಐವತ್ತು ರೂಪಾಯಿ. ಶಿರಸಿ ಪೇಟೆಯಲ್ಲಿ ಎರಡು ಮಸಾಲೆ ದೋಸೆಗೂ ಸಾಲದು.

'ಗೋಶಾಲೆಗೆ ಕೊಡಿ' ಎನ್ನುವವರಿಗೂ ಒಂದು ಲೆಕ್ಕ ಇದೆ. ಸರ್ಕಾರದ ಪುಣ್ಯಕೋಟಿ ದತ್ತು ಯೋಜನೆಯಲ್ಲಿ ಒಂದು ಜಾನುವಾರಿನ ಒಂದು ವರ್ಷದ ಖರ್ಚು 11,000 ರೂಪಾಯಿ ಎಂದು ಇಟ್ಟಿದ್ದರು. ದಿನಕ್ಕೆ 30 ರೂಪಾಯಿ, ಅಂದರೆ ಜೀವ ಹಿಡಿದಿಡುವಷ್ಟು. ಒಂದು ಹೋರಿ 15 ವರ್ಷ ಬದುಕಿದರೆ 1,65,000. ಸಾಮಾನ್ಯ ಇಂಜೆಕ್ಷನ್‌ನಲ್ಲಿ ಎರಡು ಕರುವಿಗೊಂದು ಗಂಡು. ದಿನಕ್ಕೆ 8 ಲೀಟರಿನಂತೆ 300 ದಿನ ಕರೆದರೆ ಒಂದು ಸೂಲಿಗೆ 2,400 ಲೀಟರ್, ಎರಡು ಸೂಲಿಗೆ 4,800. ಭಾಗಿಸಿ ನೋಡಿ: ಲೀಟರಿಗೆ 34 ರೂಪಾಯಿ! ಹೋರಿಗರುವನ್ನು ಕೊನೆತನಕ ಸಾಕುವ ಪ್ರಾಮಾಣಿಕ ಬೆಲೆ ಹಾಲಿಗೆ ಹಾಕಿದರೆ ರೈತನಿಗೆ ಸಿಗುವ ದರದಷ್ಟೇ ಮೊತ್ತ ಮತ್ತೆ ಸೇರಿಸಬೇಕು. ಈಗ ಆ 34 ರೂಪಾಯಿಯನ್ನು ಹಾಲು ಕುಡಿಯುವವರೂ ಕೊಡುತ್ತಿಲ್ಲ, ಕರೆಯುವವರೂ ಕೊಡುತ್ತಿಲ್ಲ. ಕರು ಕೊಡುತ್ತಿದೆ.

'ಕಾಡಿಗೆ ಬಿಟ್ಟರೆ ಮೇಯ್ಕಂಡು ಇರ್ತು' ಎಂಬುದು ಇನ್ನೊಂದು ಸಮಾಧಾನ. ಕಟ್ಟಿ ಸಾಕಿದ ಎಚ್ಚೆಫ್ ಹೋರಿಗೆ ಬೆಟ್ಟದಲ್ಲಿ ಮೇಯಲು ಬರುವುದಿಲ್ಲ, ಚಿರತೆ ಬಂದರೆ ಓಡಲೂ ಬರುವುದಿಲ್ಲ. ಜತೆಗೆ ಉಣ್ಣೆ (ಉಣುಗು). ಮಂಗನ ಕಾಯಿಲೆ ಹರಡುವ ಉಣ್ಣೆ ದೊಡ್ಡದಾಗಿ ರಕ್ತ ಹೀರಿ ಮೊಟ್ಟೆ ಇಡಲು ದನದಂಥ ದೊಡ್ಡ ಪ್ರಾಣಿ ಬೇಕು. ಮನೆ ದನಕ್ಕೆ ಉಣ್ಣೆ ಔಷಧ ಹಾಕುತ್ತೇವೆ, ಬಿಟ್ಟ ದನಕ್ಕೆ ಹಾಕುವವರಿಲ್ಲ. ಆ ಕಾಯಿಲೆ ಕಂಡ ಸಿದ್ದಾಪುರದ ಕಡೆಯವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಕಾಡಿನಿಂದ ಹೊರಬಂದವು ರಸ್ತೆಗೆ ಬರುತ್ತವೆ, ಏಕೆಂದರೆ ಮಳೆಗಾಲದ ರಾತ್ರಿ ಟಾರು, ಕಾಂಕ್ರೀಟೇ ಒಣಗಿದ, ಬೆಚ್ಚಗಿನ, ನೊಣ ಕಡಿಮೆ ಇರುವ ಜಾಗ.

ಹಾಗಾದರೆ ದಾರಿ? ಕಡಿಮೆ ಹುಟ್ಟಿಸುವುದು. ಹೆಣ್ಗರುವಿನ ಇಂಜೆಕ್ಷನ್, ಅಂದರೆ ಲಿಂಗ ನಿರ್ಧಾರಿತ ವೀರ್ಯ, ಈಗ ಸಿಗುತ್ತದೆ. ಹೆಣ್ಣು ಹುಟ್ಟಿಸುವ ವೀರ್ಯಾಣುವಿನಲ್ಲಿ ಡಿಎನ್‌ಎ ಸುಮಾರು ಶೇ. 4ರಷ್ಟು ಹೆಚ್ಚು. ಬಣ್ಣ ಹಾಕಿ, ಲೇಸರ್ ಬೆಳಕಿನಲ್ಲಿ ಹಾಯಿಸಿ ಅವನ್ನು ಬೇರ್ಪಡಿಸುತ್ತಾರೆ. ನೂರಕ್ಕೆ ತೊಂಬತ್ತರಷ್ಟು ಹೆಣ್ಣು. ಮೇಲಿನ ಲೆಕ್ಕಕ್ಕೆ ಇದನ್ನು ಹಾಕಿದರೆ ಹತ್ತು ಸೂಲಿಗೆ ಒಂದು ಹೋರಿಗರು, 24,000 ಲೀಟರಿಗೆ ಹಂಚಿದರೆ ಲೀಟರಿಗೆ 7 ರೂಪಾಯಿಗೂ ಕಡಿಮೆ. ಹೊರಲು ಆಗುವ ಭಾರ. ರಾಷ್ಟ್ರೀಯ ಗೋಕುಲ ಮಿಷನ್‌ನಲ್ಲಿ ಸಹಾಯಧನ ಇದೆ, 2024ರಲ್ಲಿ ನಮ್ಮ ದೇಶದ್ದೇ ತಂತ್ರಜ್ಞಾನವೂ ಬಂದಿದೆ.

ಆದರೆ 'ಒಂದ್ಸಲ ಹಾಕ್ಸಿದೆ, ಗಬ್ಬ ನಿಲ್ಲಲಿಲ್ಲ' ಎಂದು ಕೈಬಿಟ್ಟವರು ಬಹಳ. ಕಾರಣ ಇದೆ. ಸಾಮಾನ್ಯ ಕಡ್ಡಿಯಲ್ಲಿ (ವೀರ್ಯ ತುಂಬಿದ ಸಣ್ಣ ನಳಿಕೆ) ಎರಡು ಕೋಟಿಯಷ್ಟು ವೀರ್ಯಾಣು ಇದ್ದರೆ ಇದರಲ್ಲಿ ಸುಮಾರು ಇಪ್ಪತ್ತು ಲಕ್ಷ. ಬೇರ್ಪಡಿಸುವಾಗ ಪೆಟ್ಟು ತಿಂದ ಅವು ಗರ್ಭಕೋಶದಲ್ಲಿ ಹೆಚ್ಚು ಹೊತ್ತು ಬಾಳುವುದಿಲ್ಲ. ಹಾಗಾಗಿ ಹೊತ್ತು ಮುಖ್ಯ. ಬೆಳಿಗ್ಗೆ ಬೆದೆ ಕಂಡರೆ ಸಂಜೆ ಎಂಬುದು ಸಾಮಾನ್ಯ ಕಡ್ಡಿಯ ಲೆಕ್ಕ. ಇದಕ್ಕೆ ಇನ್ನಷ್ಟು ತಡ ಮಾಡಬೇಕು, ಬೆದೆ ಶುರುವಾಗಿ 18ರಿಂದ 24 ಗಂಟೆ. ಇನ್ನೊಂದು ದನ ಮೇಲೆ ಹತ್ತಿದಾಗ ಅಲ್ಲಾಡದೆ ನಿಲ್ಲಲು ಶುರುಮಾಡಿದ ಹೊತ್ತನ್ನು ಗಡಿಯಾರ ನೋಡಿ ಬರೆದಿಡಿ. ಒಂದೇ ಆಕಳು ಇದ್ದ ಮನೆಯಲ್ಲಿ ಲೋಳೆ, ಕೂಗು, ಹಾಲು ತಗ್ಗಿದ್ದು ನೋಡಿ ಅಂದಾಜು ಮಾಡಬೇಕು, ತಪ್ಪುವುದೂ ಅಲ್ಲೇ. ಬೇಸಿಗೆಯಲ್ಲಿ ರಾತ್ರಿ ಮಾತ್ರ ಬೆದೆ ತೋರಿಸುವ ಎಚ್ಚೆಫ್‌ಗಳಿವೆ, ಮಲಗುವ ಮೊದಲೊಮ್ಮೆ ಕೊಟ್ಟಿಗೆ ನೋಡಿ ಬನ್ನಿ.

ಕಡ್ಡಿ ಇರುವುದು ಮೈನಸ್ 196 ಡಿಗ್ರಿಯ ದ್ರವ ಸಾರಜನಕದಲ್ಲಿ. ಹೊರತೆಗೆದ ಮೇಲೆ 37 ಡಿಗ್ರಿಯ ನೀರಿನಲ್ಲಿ 30 ಸೆಕೆಂಡ್, ಒರೆಸಿ, ಕೂಡಲೇ ಬಳಸಬೇಕು. ಅಂಗಿ ಜೇಬಿನಲ್ಲಿಟ್ಟು ಇನ್ನೊಂದು ಮನೆಗೆ ಬೈಕಿನಲ್ಲಿ ಒಯ್ದ ಕಡ್ಡಿಯಿಂದ ಕರು ಬಯಸಬೇಡಿ. ಥರ್ಮಾಮೀಟರ್ ಎಲ್ಲಿ ಎಂದು ಕೇಳುವುದು ರೈತರ ಹಕ್ಕು, ಕೇಳಿದರೆ ಸಿಟ್ಟು ಬರುವವರಿಗೆ ಬರಲಿ. ಇನ್ನು ಯಾವ ದನಕ್ಕೆ? ಮೊದಲ ಸಲದ ಕಡಸಿಗೆ ಫಲ ಹೆಚ್ಚು, ದೊಡ್ಡ ದನದ ತೂಕದ ಶೇ. 60 ಆದರೂ ಆಗಿರಬೇಕು. ಕರು ಹಾಕಿದ ಮೇಲೆ ಕಸ (ಮಾಸು) ಬೀಳದೆ ಕಷ್ಟಪಟ್ಟ, ಗರ್ಭಕೋಶಕ್ಕೆ ಕೀವಾದ, ಪದೇ ಪದೇ ಬೆದೆಗೆ ಬರುವ ದನಕ್ಕೆ ಇದನ್ನು ಹಾಕಿಸಿ ದುಡ್ಡು ಕಳೆಯಬೇಡಿ. ಖನಿಜ ಮಿಶ್ರಣ ದಿನಕ್ಕೆ 30–50 ಗ್ರಾಂ ಎರಡು ತಿಂಗಳ ಮೊದಲೇ ಶುರುಮಾಡಿ. ಇಷ್ಟೆಲ್ಲ ಮಾಡಿಯೂ, ಸಾಮಾನ್ಯ ಕಡ್ಡಿ ನೂರಕ್ಕೆ ನಲವತ್ತು ಗಬ್ಬ ನಿಲ್ಲಿಸುವಲ್ಲಿ ಇದು ಮೂವತ್ತರ ಮೇಲೆ ಸ್ವಲ್ಪ ಬಂದರೆ ಸಹಜ. ತಪ್ಪಿದರೆ ಮತ್ತೆ 21 ದಿನ ಕಾಯಬೇಕು. ಆ ಕಾಯುವಿಕೆಯ ಖರ್ಚೇ ನಿಜವಾಗಿ ರೈತರನ್ನು ಹಿಂದೆಗೆಯಿಸುವುದು, ಆದ್ದರಿಂದ ಸಹಾಯಧನ ಕಡ್ಡಿಯ ಬೆಲೆಗೆ ಮಾತ್ರ ಸಾಲದು, ತಪ್ಪಿದ ಸಲಕ್ಕೂ ಬೇಕು.

ಹೀಗೆ ಮೊದಲೇ ಯೋಚಿಸುವುದು ಹೊಸತೇನಲ್ಲ. ಇಂಗ್ಲೆಂಡಿನ ನ್ಯೂ ಫಾರೆಸ್ಟ್‌ನಲ್ಲಿ ಹಳ್ಳಿಗರ ಪೋನಿ ಕುದುರೆಗಳು ಗೋಮಾಳದಂಥ ಬಯಲಿನಲ್ಲಿ ಮೇಯುತ್ತವೆ. ಮರಿಗೆ ಬೆಲೆ ಇಲ್ಲದೆ ಹೋದಾಗ ಅಲ್ಲಿಯ ವರ್ಡರರ್ಸ್ ಎಂಬ ಹಳೆಯ ಮಂಡಳಿ ಮರಿಗಳನ್ನು ಎಲ್ಲಿ ಹಾಕುವುದೆಂದು ಮಾತ್ರ ಯೋಚಿಸಲಿಲ್ಲ, ಗಂಡು ಕುದುರೆಗಳಿಗೇ ಕಡಿವಾಣ ಹಾಕಿತು. ಆರಿಸಿದ ಕೆಲವೇ ಗಂಡುಗಳನ್ನು ವರ್ಷದಲ್ಲಿ ಕೆಲವೇ ವಾರ ಬಯಲಿಗೆ ಬಿಡುತ್ತಾರೆ. ನಾವು ಗೂಳಿಯ ಕೆಲಸವನ್ನು ಕಡ್ಡಿಗೆ ಕೊಟ್ಟು, ಬೀದಿಯ ಗೂಳಿಗಳನ್ನು ಹಾಗೇ ಬಿಟ್ಟಿದ್ದೇವೆ. ಬಿಟ್ಟ ಹೋರಿ ಒಂದೂವರೆ ವರ್ಷಕ್ಕೆ ಬೆಳೆದು ಪೇಟೆಯ ಬೀಡಾಡಿ ಆಕಳುಗಳಿಗೆ, ತನ್ನ ಅಕ್ಕತಂಗಿಯರಿಗೂ, ಕರು ಹುಟ್ಟಿಸುತ್ತದೆ. ಆರು ತಿಂಗಳಿಂದ ವರ್ಷದೊಳಗೆ ಬೀಜ ಒಡೆಸಿದ್ದರೆ ಇದು ತಪ್ಪುತ್ತಿತ್ತು. ಬರ್ಡಿಜೊ ಇಕ್ಕಳದಿಂದ ಒಂದೊಂದೇ ನರ ಹಿಡಿದು, ಎರಡೂ ಕಡೆಯ ಗುರುತು ಒಂದೇ ಗೆರೆಗೆ ಬಾರದಂತೆ ಒತ್ತುವ ಕೆಲಸ ಅದು. ಒಂದೇ ಗೆರೆಗೆ ಬಂದರೆ ಚೀಲಕ್ಕೆ ರಕ್ತ ಹರಿಯುವುದು ನಿಂತು ಅದು ಕೊಳೆಯುತ್ತದೆ. ಡಾಕ್ಟರೇ ಮರಗಟ್ಟಿಸುವ ಇಂಜೆಕ್ಷನ್ ಕೊಟ್ಟು ಮಾಡಬೇಕು. ಮಾಡಿದ ಮೇಲೂ ಒಂದೂವರೆ-ಎರಡು ತಿಂಗಳು ಆಕಳುಗಳಿಂದ ದೂರ ಕಟ್ಟಿ, ಅಲ್ಲಿಯವರೆಗೆ ಗಬ್ಬ ನಿಲ್ಲಿಸುವ ಶಕ್ತಿ ಇರುತ್ತದೆ.

ಹೋರಿ ಸಾಕುವುದು ಬರೀ ನಷ್ಟ ಎಂಬ ಮಾತನ್ನೂ ಅಡಕೆ ಸೀಮೆಯಲ್ಲಿ ಪೂರ್ತಿ ಒಪ್ಪಲಾರೆ. ಮರಕ್ಕೆ ವರ್ಷಕ್ಕೆ 12 ಕೆಜಿ ಕೊಟ್ಟಿಗೆ ಗೊಬ್ಬರ ಎಂಬುದು ಶಿಫಾರಸು. ಎಕರೆಗೆ 550 ಮರ ಎಂದರೆ ಆರೂವರೆ ಟನ್. ಕಟ್ಟಿ ಸಾಕಿದ ಒಂದು ಹೋರಿ ದಿನಕ್ಕೆ ಹತ್ತು ಕೆಜಿ ಸಗಣಿ ಹಾಕಿದರೆ ವರ್ಷಕ್ಕೆ ಮೂರೂವರೆ ಟನ್, ಅಡಿಗೆ ಹಾಸಿದ ದರಕು (ಒಣ ಎಲೆ), ಸೊಪ್ಪು ಸೇರಿದರೆ ಇನ್ನೂ ಹೆಚ್ಚು (ಕೊಳೆತು ಗೊಬ್ಬರವಾದಾಗ ತೂಕ ಇಳಿಯುವುದೂ ನಿಜ). ಸೊಪ್ಪಿನ ಬೆಟ್ಟ ಇಟ್ಟುಕೊಂಡು, ದನ ಮಾರಿ, ಗೊಬ್ಬರವನ್ನು ಬಯಲುಸೀಮೆಯಿಂದ ಲೋಡುಗಟ್ಟಲೆ ತರಿಸುವ ಮನೆಗಳು ಈ ಲೆಕ್ಕ ಒಮ್ಮೆ ಹಾಕಲಿ. ಎರಡು ಎಕರೆ ತೋಟದವರು ಪಕ್ಕದ ಮನೆಯ ಒಂದು ಹೋರಿಗರು ತಂದು ಕಟ್ಟಿದರೆ ದಾನ ಮಾಡಿದಂತೆ ಏನೂ ಆಗುವುದಿಲ್ಲ.

ಹಾಲಿನ ಸಂಘಗಳು ನಾಳೆಯೇ ಮಾಡಬಹುದಾದದ್ದು ಒಂದಿದೆ. ಆಕಳಿನ ಕಿವಿಯೋಲೆಯ 12 ಅಂಕಿಯ ನಂಬರಿನಡಿ ಇಂಜೆಕ್ಷನ್ ಮಾಡಿಸಿದ ತಾರೀಖು ದಾಖಲಾಗುತ್ತದೆ, ಕರು ಹಾಕಿದ್ದೂ ದಾಖಲಾಗಬೇಕು. ಹೋರಿಗರುವಿಗೂ ಹೆಣ್ಗರುವಿನಂತೆಯೇ ಓಲೆ ಹಾಕಿಸಿ, ಆರು ತಿಂಗಳಿಗೊಮ್ಮೆ, ಕಾಲುಬಾಯಿ ರೋಗದ ಲಸಿಕೆಗೆ ಬಂದಾಗ, ಅದು ಎಲ್ಲಿದೆ ಎಂದು ಒಂದು ಸಾಲು ಬರೆಸಲಿ: ಇದೆ, ಮಾರಿದೆ, ಕೊಟ್ಟಿದೆ, ಸತ್ತಿದೆ. ಸತ್ತಿದ್ದರೆ ಎಷ್ಟು ದಿನಕ್ಕೆ, ಯಾವುದರಿಂದ. ಹಾಲಿನ ಫ್ಯಾಟು, ಎಸ್ಸೆನ್ನೆಫ್ಫು (ಕೊಬ್ಬು ಬಿಟ್ಟು ಉಳಿದ ಘನಾಂಶ) ದಿನಕ್ಕೆರಡು ಸಲ ಬರೆಯುವ ಸಂಘಕ್ಕೆ ಇದು ವರ್ಷಕ್ಕೆ ಎರಡು ಸಾಲಿನ ಕೆಲಸ. ಮುಂದಿನ ವಾರ್ಷಿಕ ಸಭೆಯಲ್ಲಿ ಬೋನಸ್ ಎಷ್ಟು ಎಂದು ಕೇಳಿ ಆದ ಮೇಲೆ, ನಮ್ಮ ಸಂಘದ ಆಕಳುಗಳಿಗೆ ಈ ವರ್ಷ ಹುಟ್ಟಿದ ಹೋರಿಗರು ಎಷ್ಟು, ಈಗ ಇರುವುದು ಎಷ್ಟು ಎಂದು ಯಾರಾದರೂ ಕೇಳಿ. ಉತ್ತರ ಬಂದರೆ ಇಲ್ಲೇ ಕಮೆಂಟಿನಲ್ಲಿ ಹಾಕಿ.