ಯಾರ ತಂತಿ, ಯಾರ ಹೊಣೆ

ಇಂಗ್ಲೆಂಡಿನ ಲೀಡ್ಸ್ ನಗರದಲ್ಲಿ ನಾವು ಬಾಡಿಗೆಗೆ ಹಿಡಿದ ಮೊದಲ ಫ್ಲ್ಯಾಟಿನಲ್ಲಿ ಎರಡು ಫೋನ್ ಸಾಕೆಟ್‌ಗಳಿದ್ದವು. ಬಾಗಿಲ ಬಳಿಯ ಮುಖ್ಯ ಸಾಕೆಟ್‌ಗೆ ಫೋನ್ ಹಚ್ಚಿದರೆ ಡಯಲ್ ಟೋನ್ ಕೇಳುತ್ತಿತ್ತು, ಮಲಗುವ ಕೋಣೆಯ ಎಕ್ಸ್‌ಟೆನ್ಶನ್ ಸಾಕೆಟ್ ಮಾತ್ರ ಸತ್ತುಹೋಗಿತ್ತು. ವಿಜಯಪುರದಿಂದ ಅವ್ವ ಫೋನ್ ಮಾಡುವ ಹೊತ್ತಿಗೆ ನಾವು ಆ ಕೋಣೆಯಲ್ಲೇ ಇರುತ್ತಿದ್ದೆವಾದ್ದರಿಂದ ಮನೆ ನೋಡಿಕೊಳ್ಳುವ ಏಜೆಂಟರಿಗೆ ಕರೆ ಮಾಡಿ, ದುರಸ್ತಿಗೆ ಯಾರನ್ನಾದರೂ ಕಳಿಸಿಕೊಡಿ ಎಂದು ಕೇಳಿಕೊಂಡೆ. ಆಕೆ, ಮುಖ್ಯ ಸಾಕೆಟ್ಟಿನ ಕೆಳಗಿನ ಅರ್ಧವನ್ನು ಬಿಚ್ಚಿ ನೋಡಿದ್ದೀರಾ ಎಂದು ನನ್ನನ್ನೇ ಕೇಳಿದರು. ಬಾಡಿಗೆದಾರನೊಬ್ಬ ಫೋನಿನ ಡಬ್ಬಿ ಬಿಚ್ಚಬಹುದು ಎಂಬ ಮಾತನ್ನು ನಾನು ಅದುವರೆಗೆ ಯಾರ ಬಾಯಲ್ಲೂ ಕೇಳಿರಲಿಲ್ಲ.

ಎರಡು ಸ್ಕ್ರೂ ತೆಗೆದೊಡನೆ ಬಿಳಿ ಪ್ಲಾಸ್ಟಿಕ್ಕಿನ ಕೆಳಗಿನ ಅರ್ಧ ಕೈಗೆ ಬಂತು. ಅದರ ಬೆನ್ನಿಗೆ ಕೋಣೆಗೆ ಹೋಗುವ ತಂತಿಗಳು ಕಚ್ಚಿಕೊಂಡಿದ್ದವು, ಅದು ಕೂತಿದ್ದ ಜಾಗದಲ್ಲಿ ಪರೀಕ್ಷೆಗೆಂದೇ ಮಾಡಿದ ಇನ್ನೊಂದು ಸಾಕೆಟ್ ಅಡಗಿತ್ತು. ಅದಕ್ಕೆ ಫೋನ್ ಹಚ್ಚಿ ಟೋನ್ ಬಂದರೆ ಹೊರಗಿನ ಲೈನ್ ಸರಿಯಿದೆ, ದೋಷ ಮನೆಯೊಳಗಿನದು. ಕೆಳಗಿನ ಅರ್ಧ ಕೈಯಲ್ಲಿರುವಷ್ಟು ಹೊತ್ತು ಒಳಗಿನ ತಂತಿಗಳಿಗೆ ಲೈನಿನ ಸಂಬಂಧವೇ ಇರುವುದಿಲ್ಲವಾದ್ದರಿಂದ ಮುಟ್ಟಲು ಭಯವಿಲ್ಲ. ಗೋಡೆಗೆ ಕೂತ ಮೂಲ ಭಾಗ ಫೋನ್ ಕಂಪನಿಯದು, ಅದನ್ನು ನಾವು ಮುಟ್ಟುವಂತಿಲ್ಲ. ಬಿಚ್ಚಿ ಬರುವ ಭಾಗ ಮತ್ತು ಅದರಾಚೆಗಿನ ತಂತಿಯೆಲ್ಲ ಮನೆಯದು. ಎರಡು ಹೊಲಗಳ ನಡುವೆ ಬದು ಹಾಕಿದಷ್ಟು ಸ್ಪಷ್ಟವಾಗಿ ಹೊಣೆಯ ಗೆರೆಯನ್ನು ಅಲ್ಲಿ ಗೋಡೆಯ ಮೇಲೆಯೇ ಎಳೆದಿಟ್ಟಿದ್ದಾರೆ.

ಮಾಲೀಕರ ಒಪ್ಪಿಗೆ ಎರಡು ಸಾಲಿನ ಇಮೇಲಿನಲ್ಲಿ ಬಂತು. ಕೋಣೆಯ ಸಾಕೆಟ್ ಬಿಚ್ಚಿದಾಗ, ಬಿಳಿ ಪಟ್ಟಿಯ ನೀಲಿ ತಂತಿ 2ನೇ ಅಂಕಿಯ ಸೀಳಿನಲ್ಲಿ ಸರಿಯಾಗಿ ಕೂತಿತ್ತು. 5ರಲ್ಲಿ ಇರಬೇಕಾದ ನೀಲಿ ಪಟ್ಟಿಯ ಬಿಳಿ ತಂತಿ ಕಿತ್ತುಬಂದು ಜೋತಾಡುತ್ತಿತ್ತು. ಕೆಳಗಿನ ಮನೆಯ ಹಿರಿಯರೊಬ್ಬರು ಪ್ಲಾಸ್ಟಿಕ್ಕಿನ ಸಣ್ಣ ಒತ್ತುಗೋಲು ತಂದುಕೊಟ್ಟು, ತಂತಿಯ ಸಿಪ್ಪೆ ಸುಲಿಯಬೇಡ, ಸ್ಕ್ರೂಡ್ರೈವರಿನಿಂದ ಒತ್ತಬೇಡ ಎಂದರು. ಒತ್ತಿದ ಕೂಡಲೇ ಸೀಳಿನ ಲೋಹದ ತುಟಿಗಳು ಸಿಪ್ಪೆಯನ್ನು ತಾವೇ ಕತ್ತರಿಸಿ ತಾಮ್ರವನ್ನು ಹಿಡಿದುಕೊಂಡವು. ಟೋನ್ ಬಂತು, ಆದರೆ ನನ್ನ ಹಳೆಯ ಫೋನಿನ ಗಂಟೆ ಬಾರಿಸಲಿಲ್ಲ. ಮಾತಿಗೆ ಎರಡು ತಂತಿ ಸಾಕಾದರೂ ಗಂಟೆಗೆ 3ನೇ ಸೀಳಿನ ತಂತಿ ಬೇಕೆಂದೂ, ಗಂಟೆಯ ಕರೆಂಟನ್ನು ಆ ತಂತಿಗೆ ದಾಟಿಸುವ ಕೆಪಾಸಿಟರ್ ಮುಖ್ಯ ಸಾಕೆಟ್ಟಿನಲ್ಲಿದೆಯೆಂದೂ ಅವರಿಂದಲೇ ತಿಳಿಯಿತು. ಬಿಳಿ ಪಟ್ಟಿಯ ಕಿತ್ತಳೆ ತಂತಿಯನ್ನೂ ಎರಡೂ ಕಡೆ ಒತ್ತಿ ಕೂರಿಸಿದೆ.

ಆ ರಾತ್ರಿ ನನಗೆ ಸಂತೋಷಕ್ಕಿಂತ ಹೆಚ್ಚಾಗಿ ನೋವಾಯಿತು. 1990ರ ದಶಕದಲ್ಲಿ ವಿಜಯಪುರದ ಆಶ್ರಮ ರಸ್ತೆಯ ಬಾಡಿಗೆ ಮನೆಯಲ್ಲಿ ನಮ್ಮ ಫೋನ್ ಕೆಳಗಿನ ಪಡಸಾಲೆಯಲ್ಲಿತ್ತು, ಅದರಿಂದ ಎಳೆದ ಇನ್ನೊಂದು ಫೋನ್ ಮಾಳಿಗೆಯಲ್ಲಿತ್ತು. ತಂತಿ ಕಂಬದಿಂದ ಪಕ್ಕದ ಮನೆಯ ಬೇವಿನ ಮರದ ಮೂಲಕ ಕಿಟಕಿಗೆ ಬಂದು, ಎಲ್ಲಿ ತುಂಡಾಗಿತ್ತೋ ಅಲ್ಲೆಲ್ಲ ಹೊಸೆದು ಟೇಪು ಸುತ್ತಿಸಿಕೊಂಡು ಒಳಗೆ ಬರುತ್ತಿತ್ತು. ಒಂದು ಮಳೆಗಾಲದಲ್ಲಿ ಇಲಿ ಕಡಿದು ಮಾಳಿಗೆಯ ಫೋನ್ ನಿಂತಿತು. ಲೈನ್‌ಮನ್, “ಒಳಗಿನ ವೈರ್ ನಮ್ಮದಲ್ರಿ, ಮಾಲಕರಿಗೆ ಹೇಳ್ರಿ” ಎಂದ. ಮನೆಯ ಮಾಲೀಕರಾದ ಕಾಕಾ, “ಫೋನಿನ ಕೆಲಸಕ್ಕ ನಾ ಕೈ ಹಚ್ಚಾಂಗಿಲ್ಲಪಾ, ಲೈನ್‌ಮನ್‌ನ ಕರೀರಿ” ಎಂದರು. ಹೀಗೆ ಹನ್ನೊಂದು ದಿನ ಕಳೆದವು. ಇಂಡಿಯಿಂದ ನಮ್ಮ ಅಜ್ಜ ತೀರಿಕೊಂಡ ಸುದ್ದಿಯ ಕರೆ ನಡುರಾತ್ರಿ ಬಂದಾಗ ಗಂಟೆ ಬಾರಿಸಿದ್ದು ಕೆಳಗಿನ ಪಡಸಾಲೆಯಲ್ಲಿ ಮಾತ್ರ. ಮಾಳಿಗೆಯಲ್ಲಿ ಮಲಗಿದ್ದ ನಮ್ಮಪ್ಪನಿಗೆ ತನ್ನ ತಂದೆಯ ಸಾವು ತಿಳಿದದ್ದು ಬೆಳಗಾದ ಮೇಲೆ.

ನಮ್ಮವರಿಗೆ ಕೈಕೆಲಸ ಬರುವುದಿಲ್ಲವೆಂದು ನಾನು ಒಪ್ಪುವುದಿಲ್ಲ. ಬಾವಿಯ ಮೋಟಾರನ್ನು ಹೊಲದಲ್ಲೇ ಬಿಚ್ಚಿ ಕಟ್ಟುವ ಅದೇ ಅಪ್ಪ ಆ ಎರಡು ತಂತಿಗಳನ್ನು ಹನ್ನೊಂದು ದಿನ ಮುಟ್ಟದೆ ಬಿಟ್ಟದ್ದು, ಅವು ತನ್ನವು ಎಂದು ಯಾರೂ ಹೇಳಿರಲಿಲ್ಲ ಎಂಬ ಒಂದೇ ಕಾರಣಕ್ಕೆ. ಹೊಣೆ ಯಾರದೆಂದು ಗೊತ್ತಿಲ್ಲದ ಕಡೆ ಬುದ್ಧಿವಂತನೂ ಕೈಕಟ್ಟಿ ಕೂರುತ್ತಾನೆ, ಬಾಡಿಗೆದಾರನಂತೂ ಎರಡೂ ಬಾಗಿಲುಗಳಿಗೆ ಅಲೆದು ಸಾಕಾಗುತ್ತಾನೆ.

ಕಳೆದ ಸಂಕ್ರಾಂತಿಗೆ ಸಿದ್ಧೇಶ್ವರ ಜಾತ್ರೆಯೆಂದು ಊರಿಗೆ ಹೋದಾಗ ತಂಗಿಯ ಬಾಡಿಗೆ ಮನೆಯಲ್ಲಿ ಇಂಟರ್ನೆಟ್ ನಿಂತಿತ್ತು. ಫೈಬರ್ ತಂತಿ ಮೆಟ್ಟಿಲಿನ ಬಳಿ ತುಂಡಾಗಿತ್ತು. ಜೋಡಿಸಲು ಬಂದ ಹುಡುಗ ಮಾಲೀಕರನ್ನು ತೋರಿಸಿದ, ಮಾಲೀಕರು ಹುಡುಗನನ್ನು ತೋರಿಸಿದರು. ತಾಮ್ರ ಹೋಗಿ ಗಾಜು ಬಂದರೂ ಉತ್ತರ ಬದಲಾಗಿಲ್ಲವಲ್ಲ ಎಂದು ನನಗೆ ಸಿಟ್ಟು ಬಂತು. ಫೈಬರನ್ನು ತಂತಿಯಂತೆ ಹೊಸೆದು ಜೋಡಿಸಲು ಬರುವುದಿಲ್ಲ ನಿಜ. ಆದರೆ ಬಾಡಿಗೆ ಕರಾರಿನಲ್ಲಿ ಠೇವಣಿ, ಸುಣ್ಣಬಣ್ಣ, ನೀರಿನ ಬಿಲ್ಲು ಎಲ್ಲವನ್ನೂ ಬರೆಸುವ ನಾವು, ಬಾಗಿಲಿಂದ ಒಳಗಿನ ತಂತಿ ಯಾರದು ಎಂಬ ಒಂದು ಸಾಲನ್ನೂ ಬರೆಸಲು ಏನು ಕಷ್ಟ?

ಆದರೂ ಕೆಲವು ಮಾತುಗಳನ್ನು ಒಪ್ಪಿಕೊಳ್ಳಬೇಕು. ನಮ್ಮ ಫೋನುಗಳ ಕೆಪಾಸಿಟರ್ ಫೋನಿನೊಳಗೇ ಇದ್ದದ್ದರಿಂದ ಮಾತಿಗೂ ಗಂಟೆಗೂ ಎರಡೇ ತಂತಿ ಸಾಕಾಗುತ್ತಿದ್ದವು. ನಾನು ಕಷ್ಟಪಟ್ಟು ಕೂರಿಸಿದ ಆ ಮೂರನೆಯ ತಂತಿ ಬ್ರಾಡ್‌ಬ್ಯಾಂಡಿಗೆ ಗದ್ದಲ ಸೇರಿಸುತ್ತದೆಂದು ಮುಂದೆ ನಾನೇ ಕೀಳಬೇಕಾಯಿತು. ಬ್ರಿಟನ್ನಿನ ಹಳೆಯ ಫೋನ್ ಜಾಲವನ್ನೇ 2027ರ ಜನವರಿಯ ಹೊತ್ತಿಗೆ ಮುಚ್ಚುವುದೆಂದು ನಿರ್ಧಾರವಾಗಿದ್ದು, ಫೋನುಗಳು ಈಗ ರೌಟರಿಗೆ ಅಂಟಿಕೊಳ್ಳುತ್ತಿವೆ. ಇನ್ನು ಆಶ್ರಮ ರಸ್ತೆಯ ಆ ಲೈನ್‌ಮನ್ ಕೊನೆಗೆ ಬಂದದ್ದು ಸುರಿವ ಮಳೆಯಲ್ಲಿ, ತನ್ನದಲ್ಲದ ತಂತಿಯನ್ನು ಜೋಡಿಸಲೆಂದೇ; ಅಜ್ಜನ ಸುದ್ದಿ ಕೇಳಿ ಚಹಾದ ಕಪ್ಪು ಹಿಡಿದು ಬಹಳ ಹೊತ್ತು ಸುಮ್ಮನೆ ಕೂತಿದ್ದ, ಹಣ ಮುಟ್ಟಲಿಲ್ಲ.

ಲೀಡ್ಸ್‌ನ ಆ ಕೋಣೆಯಲ್ಲಿ ಗಂಟೆ ಬಾರಿಸುತ್ತದೋ ಇಲ್ಲವೋ ನೋಡಲು ನಾನು ಅವ್ವನಿಗೇ ಫೋನ್ ಮಾಡಿ, ಇಟ್ಟ ಕೂಡಲೇ ತಿರುಗಿ ಮಾಡು ಎಂದಿದ್ದೆ. ಗಂಟೆ ಬಾರಿಸಿತು. ದುರಸ್ತಿಯಾಯಿತೆಂದು ಹೇಳಿದಾಗ ಅವ್ವ ಕೇಳಿದ್ದು ಒಂದೇ ಮಾತು.

“ಬಂದವರಿಗೆ ಚಾ ಕೊಟ್ಟಿ ಇಲ್ಲೋ?”

“ಯಾರೂ ಬಂದಿರಲಿಲ್ಲವ್ವಾ” ಎಂದೆ.