ಯಾವ ಎಕ್ಸಾಮಿಗೆ ಸಾರ್?

ಕೊಡಗಿನ ಸುಗ್ಗಿಹಬ್ಬ ಹುತ್ತರಿಗೆಂದು ಊರಿಗೆ ಹೋಗಿದ್ದೆ. ಕದಿರು ತೆಗೆದ ಮರುದಿನವೇ ವಾಪಸು ಹೊರಟವನು, ಬಸ್ಸಿಗೆ ಹೊತ್ತಿದೆಯೆಂದು ಮಡಿಕೇರಿಯ ಪುಸ್ತಕದಂಗಡಿಯೊಂದಕ್ಕೆ ನುಗ್ಗಿ, ‘ಜಿ.ಟಿ. ನಾರಾಯಣರಾಯರದ್ದು ಏನಾದರೂ ಇದೆಯಾ?’ ಎಂದೆ. ಹುಡುಗ ಮೊಬೈಲಿನಿಂದ ಕಣ್ಣೆತ್ತದೆ ಕೇಳಿದ: ‘ಯಾವ ಎಕ್ಸಾಮಿಗೆ ಸಾರ್?’

1926ರಲ್ಲಿ ಇದೇ ಮಡಿಕೇರಿಯಲ್ಲಿ ಹುಟ್ಟಿ, ನಕ್ಷತ್ರ, ಗಣಿತ, ವಿಜ್ಞಾನಿಗಳ ಬದುಕು ಎಂದು ಜೀವಮಾನವಿಡೀ ಕನ್ನಡದಲ್ಲಿ ಬರೆದ ಮನುಷ್ಯ. ಅವರ ಊರಲ್ಲೇ ಹೀಗೆ.

ನಾನು ಕೇರಳದ ಕಣ್ಣೂರು ಸೇರಿ ಹನ್ನೊಂದು ವರ್ಷ. ದೂರವೇನಲ್ಲ, ಮಾಕುಟ್ಟ ಘಾಟಿ ಇಳಿದರಾಯಿತು. ಆದರೆ ಅಲ್ಲಿ ಪುಸ್ತಕವೇ ಮನೆ ಹುಡುಕಿಕೊಂಡು ಬರುತ್ತದೆ. ಹೋದ ಹೊಸತರಲ್ಲಿ ಒಂದು ಭಾನುವಾರ ಬೆಳಿಗ್ಗೆ ನಿವೃತ್ತ ಮೇಷ್ಟ್ರೊಬ್ಬರು, ಜೊತೆಗೊಬ್ಬಳು ಕಾಲೇಜು ಹುಡುಗಿ, ಹೆಗಲಲ್ಲಿ ಬಟ್ಟೆ ಚೀಲ. ವಂತಿಗೆಯವರೆಂದುಕೊಂಡು ಐವತ್ತರ ನೋಟು ಹಿಡಿದೇ ಹೊರಗೆ ಬಂದೆ. ಚೀಲದಲ್ಲಿದ್ದದ್ದು ವಿಜ್ಞಾನದ ಪುಸ್ತಕಗಳು. ಕೇರಳ ಶಾಸ್ತ್ರ ಸಾಹಿತ್ಯ ಪರಿಷತ್ತಿನವರಂತೆ. ವಿಜ್ಞಾನ ಲೇಖಕರು 1962ರಲ್ಲಿ ಕೋಳಿಕ್ಕೋಡಿನಲ್ಲಿ ಕಟ್ಟಿಕೊಂಡ ಸಂಘ ಅದು.

ಹುಡುಗಿ ಜಗಲಿಯಲ್ಲಿ ನಿಂತೇ ಖಗೋಳ ವಿಜ್ಞಾನಿ ಎಸ್. ಚಂದ್ರಶೇಖರ್ ಕಥೆ ಶುರುಮಾಡಿದಳು. 1930ರಲ್ಲಿ, ಹತ್ತೊಂಬತ್ತರ ಹುಡುಗ ಇಂಗ್ಲೆಂಡಿಗೆ ಹೊರಟ ಹಡಗಿನಲ್ಲಿ ಕೂತು ಲೆಕ್ಕ ಹಾಕಿದ್ದು. ಶ್ವೇತಕುಬ್ಜ, ಅಂದರೆ ಉರುವಲು ಮುಗಿದು ಕುಗ್ಗಿದ ನಕ್ಷತ್ರ, ಸೂರ್ಯನ ಸುಮಾರು 1.4 ಪಟ್ಟಿಗಿಂತ ಭಾರವಾದರೆ ತನ್ನ ತೂಕಕ್ಕೆ ತಾನೇ ಕುಸಿಯಲೇಬೇಕೆಂದು ಕಂಡದ್ದು. 1935ರಲ್ಲಿ ಇಂಗ್ಲೆಂಡಿನ ದೊಡ್ಡ ಖಗೋಳ ವಿಜ್ಞಾನಿ ಎಡಿಂಗ್ಟನ್ ಅದನ್ನು ಸಭೆಯಲ್ಲೇ ಗೇಲಿ ಮಾಡಿದ್ದು. ನೊಬೆಲ್ ಬರುವಾಗ 1983 ಆಗಿದ್ದದ್ದು.

‘ಇದನ್ನು ನಾನು ಪಿಯುಸಿಯಲ್ಲೇ ಕನ್ನಡದಲ್ಲಿ ಓದಿದ್ದೇನೆ’ ಎಂದೆ, ಹರಕು ಮಲಯಾಳದಲ್ಲಿ, ಜಂಬದಿಂದಲೇ.

‘ಓಹೋ, ನಿಮ್ಮ ಕಡೆ ಮನೆಗೆ ಯಾರು ತರುತ್ತಾರೆ?’ ಎಂದರು ಮೇಷ್ಟ್ರು.

ಏನು ಹೇಳಲಿ? ನನಗದು ಸಿಕ್ಕಿದ್ದು ಓಟದ ಸ್ಪರ್ಧೆಯಲ್ಲಿ, ಎರಡನೇ ಬಹುಮಾನವಾಗಿ. ಮೊದಲು ಬಂದವನಿಗೆ ಸ್ಟೀಲಿನ ಟಿಫಿನ್ ಕ್ಯಾರಿಯರ್ ಕೊಟ್ಟಿದ್ದರು.

ನಮ್ಮಲ್ಲಿ ವಿಜ್ಞಾನದ ಪುಸ್ತಕ ಒಂದೋ ಬಹುಮಾನಕ್ಕೆ, ಇಲ್ಲ ಮಾರ್ಕಿಗೆ. ಸುಮ್ಮನೆ ಕುತೂಹಲಕ್ಕೆ ಓದುತ್ತೇನೆಂದರೆ ಕೆಲಸವಿಲ್ಲದವನು ಅನ್ನುತ್ತಾರೆ. ಮಳೆಗಾಲದ ಕಕ್ಕಡ ತಿಂಗಳ 18ಕ್ಕೆ ಮಾಡುವ ಮದ್ದುಸೊಪ್ಪಿನ ಪಾಯಸ ತಿಂದು, ಮಾರನೇ ದಿನ ಬಚ್ಚಲಲ್ಲಿ ಮೂತ್ರಕ್ಕೆ ಬಂದ ಬಣ್ಣ ಎಲ್ಲಿಂದ ಬಂತೆಂದು ಕೇಳಿ ಅಜ್ಜಿಯಿಂದ ಬೈಸಿಕೊಂಡವನು ನಾನು. ಶಾಲೆಯಲ್ಲಿ ಕೇಳಿದೆ. ‘ಅದು ಪರೀಕ್ಷೆಗೆ ಬರಲ್ಲ, ಕೂತ್ಕೋ.’

ಹಾಗಂತ ಪೂರ್ತಿ ನಮ್ಮವರದೇ ತಪ್ಪು ಅನ್ನಲಾರೆ. ತೋಟಕ್ಕೊಂದು ಮನೆ, ಮನೆಗೆರಡು ನಾಯಿ, ಮೇಲಿಂದ ಆಟಿ ಮಳೆ. ನಾಲ್ಕು ಬಾಗಿಲು ತಟ್ಟುವುದರೊಳಗೆ ದಿನವೇ ಮುಗಿದಿರುತ್ತದೆ. ಬರೆಯುವ ವಿಚಾರಕ್ಕೆ ಬಂದರೆ, ಕಾರಂತರು ಒಬ್ಬರೇ ಕೂತು ‘ವಿಜ್ಞಾನ ಪ್ರಪಂಚ’ದ ನಾಲ್ಕು ಸಂಪುಟ ಬರೆದ ಭಾಷೆ ನಮ್ಮದು. 2019ರ ಡಿಸೆಂಬರ್ 26ರ ಕಂಕಣಗ್ರಹಣದ ದಿನ ನಮ್ಮಮ್ಮ ಫೋನು ಮಾಡಿ ‘ಹೊರಗೆ ಹೋಗಬೇಡ, ನೀರಿಗೆ ದರ್ಭೆ ಹಾಕಿದ್ಯಾ?’ ಎಂದದ್ದು ನಿಜ. ಅದೇ ಹೊತ್ತಿಗೆ ಕೊಡಗಿನ ಕುಟ್ಟದ ಹತ್ತಿರ ಗ್ರಹಣ ನೋಡಲು ಜನ ಸೇರಿದ್ದೂ ನಿಜ. ಇನ್ನೊಂದು, ಹೇಳಲು ಮನಸ್ಸಿಲ್ಲ, ಆದರೂ ಹೇಳುತ್ತೇನೆ: ಕಣ್ಣೂರಲ್ಲಿ ಬಾಗಿಲಿಗೆ ಬಂದವರ ಮುಖ ನೋಡಿ ಕೊಂಡ ಪುಸ್ತಕಗಳಲ್ಲಿ ನಾನು ಪೂರ್ತಿ ಓದಿದ್ದು ಎರಡು. ಪಕ್ಕದ ಮನೆಯವರದೂ ಅಷ್ಟೇ ಎಂಬ ಗುಮಾನಿ ನನಗಿದೆ.

ಆ ಅಂಗಡಿಯ ಹುಡುಗ ಕೊನೆಗೆ ಸ್ಟೂಲು ಹತ್ತಿ, ಗೈಡುಗಳ ಹಿಂದಿನಿಂದ ನಕ್ಷತ್ರಗಳ ಮೇಲಿನ ಹಳೇ ಪುಸ್ತಕವೊಂದನ್ನು ಎಳೆದು ಧೂಳು ಕೊಡವಿ ಕೊಟ್ಟ. ಬಿಲ್ ಬರೆಯುತ್ತ, ‘ಏನ್ ಸಾರ್ ಇದೆ ಇದರಲ್ಲಿ?’ ಎಂದ.

ಕಣ್ಣೂರು ಬಸ್ಸಿಗೆ ಇನ್ನೂ ಇಪ್ಪತ್ತು ನಿಮಿಷವಿತ್ತು. ಹಡಗಿನಿಂದ ಶುರುಮಾಡಿದೆ.