ಯಾವ ಬೂದು?

ತಂಗಿಯ ಮಗ ಹೋದ ವಾರ ಒಂದು ಕಥೆ ಬರೆದು ಓದಲು ಕೊಟ್ಟ. ಮೊದಲ ಸಾಲೇ "ಬೂದು ಆಕಾಶದ ಕೆಳಗೆ ಊರು ಮೌನವಾಗಿತ್ತು." ಊರು ನಮ್ಮ ಕಲಬುರಗಿ, ತಿಂಗಳು ಮೇ. 42 ಡಿಗ್ರಿ ಬಿಸಿಲಲ್ಲಿ ಇಲ್ಲಿ ಆಕಾಶ ಬೂದು ಎಲ್ಲಿ ಇರುತ್ತದೆ, ಬಿಸಿಲಿಗಿಟ್ಟ ಸ್ಟೀಲ್ ತಟ್ಟೆ ಹಾಗೆ ಕಣ್ಣಿಗೆ ಹೊಡೆಯುತ್ತದೆ. ಕೇಳಿದರೆ, "ಮಾಮಾ, ಅದು ಮೂಡ್" ಅಂದ.

ಆಯ್ತಪ್ಪಾ. ಆದರೆ ಕಥೆಯಲ್ಲಿ ಯಾರಿಗೋ ಸ್ವಲ್ಪ ಬೇಜಾರಾದರೆ ಸಾಕು, ಗೋಡೆ ಬೂದು, ಸಂಜೆ ಬೂದು, ಎದುರು ಮನೆಯ ಬೆಕ್ಕೂ ಬೂದು. ಅಳುವುದು ಪಾತ್ರದ ಕೆಲಸ, ಅದನ್ನು ಬಣ್ಣಕ್ಕೆ ಯಾಕೆ ಗುತ್ತಿಗೆ ಕೊಡುತ್ತಾರೋ.

ಈ ಬಣ್ಣದ ಮೇಲೆ ನನಗೆ ಸ್ವಂತ ಸಿಟ್ಟೂ ಇದೆ. ನಮ್ಮ ಮನೆ ನೆಲ ಶಹಾಬಾದಿ ಫರಸಿ, ಅಂದರೆ ಬೂದು ಬಣ್ಣದ ಹಾಸುಗಲ್ಲು. ಪಡಸಾಲೆಯ ಗೋಡೆಗೂ ಅದೇ ಬಣ್ಣ ಬಳಿಸೋಣ ಅಂತ ಹುಕಿ ಬಂತು. ಹಿತ್ತಲಲ್ಲಿ ಬಿದ್ದಿದ್ದ ಫರಸಿ ತುಂಡೊಂದನ್ನು ಕೈಚೀಲದಲ್ಲಿ ಹಾಕಿಕೊಂಡು ಬಣ್ಣದ ಅಂಗಡಿಗೆ ಹೋದೆ. ಸುಣ್ಣದ ಕಲ್ಲು, ಅಂಗೈಯಷ್ಟಿದ್ದರೂ ಭಾರ. ಅಂಗಡಿಯವನು ಒಳ್ಳೆಯವನು, ತುಂಡಿನ ಮೇಲೆ ಮಣ್ಣಿದೆ ಅಂತ ಒದ್ದೆ ಬಟ್ಟೆಯಿಂದ ಚೆನ್ನಾಗಿ ಒರೆಸಿದ. ಅಲ್ಲಿಗೆ ನನ್ನ ಕಥೆ ಮುಗಿಯಿತು. ಫರಸಿ ಒಣಗಿದ್ದಾಗ ಒಂದು, ನೀರು ಬಿದ್ದಾಗ ಇನ್ನೊಂದು: ನೆಲ ಒರೆಸಿದ ಐದು ನಿಮಿಷ ಮಳೆಮೋಡದ ಹಾಗೆ ನೀಲಿಗಪ್ಪು, ಆಮೇಲೆ ಮೂಲೆ ಮೂಲೆಯಿಂದ ತಿಳಿಯಾಗುತ್ತಾ ಬರುತ್ತದೆ. ದಿನಾ ನೋಡುವ ನನಗೆ ಆ ಹೊತ್ತಿಗೆ ಅದು ನೆನಪಾಗಲಿಲ್ಲ. ಅವನು ಪುಸ್ತಕದ ಚೀಟಿಗಳನ್ನು ಕಲ್ಲಿನ ಪಕ್ಕ ಇಟ್ಟು ಇಟ್ಟು ನೋಡಿದ, ಮಷೀನಿನಲ್ಲಿ ಕಲಸಿದ, ಡಬ್ಬಿಯ ಮುಚ್ಚಳಕ್ಕೆ ಒಂದು ಬೆರಳು ಬಣ್ಣ ಹಚ್ಚಿಯೂ ಕೊಟ್ಟ. ಈಗ ನಮ್ಮ ಪಡಸಾಲೆಯಲ್ಲಿ ವರ್ಷವಿಡೀ ಮಳೆ ಬರುವ ಹಾಗಿದೆ. ಬಂದವರೆಲ್ಲ ಕೂತ ತಕ್ಷಣ "ಲೈಟ್ ಹಾಕ್ರೀ" ಅನ್ನುತ್ತಾರೆ. ವಾಪಸ್ ಒಯ್ದರೆ ಅಂಗಡಿಯವನು ಅಂದದ್ದು ಒಂದೇ ಮಾತು: "ನೀವು ತಂದ ಕಲ್ಲೇ ಅಲ್ರೀ ಸರ ಇದು?" ಹೌದು, ಅದೇ ಕಲ್ಲು.

ಅವ್ವನಿಗೆ ಬೂದು ಅನ್ನುವ ಬಣ್ಣವೇ ಗೊತ್ತಿರಲಿಲ್ಲ, ಬೂದಿ ಗೊತ್ತಿತ್ತು. ಪಾತ್ರೆ ತಿಕ್ಕಲು ಒಲೆಯಿಂದ ತೆಗೆಯುವಾಗ ಪೂರ್ತಿ ಉರಿದ ಕುಳ್ಳಿನದು ಬೆಳ್ಳಗೆ, ಅರ್ಧ ಉರಿದದ್ದು ಕರಿ ಬೆರೆತು ಇನ್ನೇನೋ. ಬೂದುಗುಂಬಳ ನೋಡಿ, ಹಸಿರು ಕಾಯಿ, ಮೇಲೆ ಬಿಳಿ ಪುಡಿ, ಬೆರಳಾಡಿಸಿದರೆ ಅಂಟಿಕೊಳ್ಳುತ್ತದೆ. ಹೊಲದವರು ಬೂದಿ ರೋಗ ಅನ್ನುವುದೂ ಎಲೆ ಮೇಲಿನ ಬಿಳಿ ಪುಡಿಗೇ. ಅಂದರೆ ಈ ಮಾತು ಇಟ್ಟವರು ಬಣ್ಣ ನೋಡಿದರೋ, ಕೈಗೆ ಹತ್ತುವ ಪುಡಿ ನೋಡಿದರೋ... ಇದನ್ನೆಲ್ಲ ಹುಡುಗನಿಗೆ ಹೇಳಲು ಕೂತಿದ್ದೆ. ಅವನು ಫೋನ್ ನೋಡುತ್ತಿದ್ದ.

ನಿನ್ನೆ ತಿದ್ದಿ ತಂದಿದ್ದಾನೆ. "ಮಾಸಲು ಆಕಾಶದ ಕೆಳಗೆ" ಅಂತ. ನಾನು ಏನೂ ಅನ್ನಲಿಲ್ಲ. ಅಂದ ಹಾಗೆ, ಆ ಬಣ್ಣ ಅರ್ಧ ಡಬ್ಬಿ ಇನ್ನೂ ಅಟ್ಟದ ಮೇಲಿದೆ, ಬೇಕಾದವರು ಬಂದು ಒಯ್ಯಿರಿ.